ಬಿನೆಯವರ ಪ್ರಯೋಗಾಲಯದಲ್ಲಿ ಯಾರು ಯಾರಿದ್ದರು?

ಬಿ.ಎಡ್. ಪಠ್ಯದಲ್ಲಿ ಬುದ್ಧಿಶಕ್ತಿಯ ಘಟಕ ಬಂತೆಂದರೆ ಆಲ್ಫ್ರೆಡ್ ಬಿನೆಯವರ ಹೆಸರು ಬಂದೇ ಬರುತ್ತದೆ. 1905ನೇ ಇಸವಿ, ಜೊತೆಗಾರ ಸೈಮನ್, ಮೂವತ್ತು ಪ್ರಶ್ನೆಗಳು, ಮಾನಸಿಕ ವಯಸ್ಸು. ಇಷ್ಟನ್ನು ಬರೆದರೆ ಪರೀಕ್ಷೆಗೆ ಸಾಕಾಗುತ್ತದೆ. ಆದರೆ ಬೋಧನಾ ಅಭ್ಯಾಸಕ್ಕಾಗಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಶಾಲೆಗಳಿಗೆ ಹೋದಾಗ ಅಷ್ಟು ಸಾಕಾಗುವುದಿಲ್ಲ. ತರಗತಿಗೆ ಕಾಲಿಟ್ಟ ಮೊದಲ ವಾರದಲ್ಲೇ ಯಾರು ಶಾಣ್ಯಾ, ಯಾರು ದಡ್ಡ ಎಂಬ ಪಟ್ಟಿಯೊಂದು ನಮ್ಮ ಮನಸ್ಸಿನಲ್ಲಿ ತಯಾರಾಗಿಬಿಡುತ್ತದೆ. ಅಂಥ ಪಟ್ಟಿಗಳನ್ನೇ ಅನುಮಾನದಿಂದ ನೋಡಿದವರು ಬಿನೆ. ಅವರ ಬದುಕನ್ನೂ, ಅವರೊಂದಿಗೆ ಕೆಲಸ ಮಾಡಿದವರ ಹಿನ್ನೆಲೆಯನ್ನೂ ತಿಳಿದರೆ ಆ ಅನುಮಾನ ಎಲ್ಲಿಂದ ಬಂತೆಂಬುದು ಅರ್ಥವಾಗುತ್ತದೆ.

ಬಿನೆಯವರು 1857ರ ಜುಲೈನಲ್ಲಿ, ಈಗ ಫ್ರಾನ್ಸಿಗೆ ಸೇರಿರುವ ನೀಸ್ ನಗರದಲ್ಲಿ ಹುಟ್ಟಿದರು. ತಂದೆ ವೈದ್ಯರು, ತಾಯಿ ಚಿತ್ರಕಲಾವಿದೆ. ತಂದೆ ತಾಯಿ ಬೇರೆಯಾದ ಮೇಲೆ ಬಾಲಕ ತಾಯಿಯ ಆಸರೆಯಲ್ಲಿ ಬೆಳೆದ. ಮುಂದೆ ಪ್ಯಾರಿಸ್ಸಿನಲ್ಲಿ ಓದಿ 1878ರಲ್ಲಿ ಕಾನೂನು ಪದವಿ ಪಡೆದರು. ವಕೀಲಿಕೆ ಹಿಡಿಸಲಿಲ್ಲ. ವೈದ್ಯಕೀಯ ಓದಲು ಹೊರಟು ಅದನ್ನೂ ಅರ್ಧಕ್ಕೆ ಬಿಟ್ಟರು. ಆಮೇಲೆ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನೋವಿಜ್ಞಾನದ ಪುಸ್ತಕಗಳನ್ನು ತಾವೇ ಓದಿಕೊಂಡರು. ಮನೋವಿಜ್ಞಾನದಲ್ಲಿ ಅವರಿಗೆ ಗುರುವೂ ಇರಲಿಲ್ಲ, ಪದವಿಯೂ ಇರಲಿಲ್ಲ.

ಮೊದಲ ಕೆಲಸ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ, ಪ್ರಸಿದ್ಧ ನರರೋಗ ತಜ್ಞ ಶಾರ್ಕೊ ಅವರ ಬಳಿ ಸಿಕ್ಕಿತು. ಅಲ್ಲಿ ಬಿನೆ ಮತ್ತು ಫೆರೆ ಎಂಬ ವೈದ್ಯರು ಸಂಮೋಹನಕ್ಕೆ ಒಳಗಾದ ರೋಗಿಗಳ ಮೇಲೆ ಪ್ರಯೋಗ ನಡೆಸಿದರು. ಅಯಸ್ಕಾಂತವನ್ನು ಆಚೀಚೆ ಸರಿಸಿದರೆ ರೋಗಲಕ್ಷಣ ದೇಹದ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುತ್ತದೆ ಎಂದು ಪ್ರಕಟಿಸಿದರು. ಬೆಲ್ಜಿಯಂನ ಡೆಲ್ಬೋಫ್ ಎಂಬ ವಿದ್ವಾಂಸರು ಬಂದು ನೋಡಿದಾಗ ಗುಟ್ಟು ಹೊರಬಿತ್ತು. ಪ್ರಯೋಗ ಮಾಡುವವರು ಏನನ್ನು ನಿರೀಕ್ಷಿಸುತ್ತಿದ್ದಾರೆಂದು ರೋಗಿಗೆ ಮೊದಲೇ ಗೊತ್ತಾಗುತ್ತಿತ್ತು. ರೋಗಿ ಅದನ್ನೇ ಮಾಡಿ ತೋರಿಸುತ್ತಿದ್ದಳು. ಅಯಸ್ಕಾಂತದ ಪಾತ್ರ ಏನೂ ಇರಲಿಲ್ಲ. ಬಿನೆಯವರು ಕೊನೆಗೆ ಇದನ್ನು ಬಹಿರಂಗವಾಗಿ ಒಪ್ಪಿಕೊಂಡು ಆಸ್ಪತ್ರೆಯಿಂದ ಹೊರಬಂದರು. ಕೇಳುವವರ ಮುಖ ನೋಡಿ ಉತ್ತರ ಹೇಳುವ ಮಕ್ಕಳನ್ನು ನಾವು ಪ್ರತಿದಿನ ತರಗತಿಯಲ್ಲಿ ಕಾಣುತ್ತೇವೆ. ಈ ಪಾಠ ಬಿನೆಯವರಿಗೆ ಬಹಳ ದುಬಾರಿಯಾಗಿ ಸಿಕ್ಕಿತು, ಆದರೆ ಕಡೆಯವರೆಗೂ ಜೊತೆಗಿತ್ತು.

ನಂತರದ ಪ್ರಯೋಗಾಲಯ ಅವರ ಮನೆಯೇ. ಅವರು 1884ರಲ್ಲಿ ಭ್ರೂಣಶಾಸ್ತ್ರಜ್ಞ ಬಾಲ್ಬಿಯಾನಿ ಅವರ ಮಗಳು ಲೋರ್ ಅವರನ್ನು ಮದುವೆಯಾಗಿದ್ದರು. ಮದ್ಲೇನ್ ಮತ್ತು ಆಲಿಸ್ ಎಂಬ ಇಬ್ಬರು ಹೆಣ್ಣುಮಕ್ಕಳು. ನಡೆಯಲು ಕಲಿಯುವಾಗ ಒಬ್ಬಳು ಕುರ್ಚಿಯನ್ನು ಹಿಡಿದು, ಮುಂದಿನ ಆಸರೆ ಕೈಗೆ ಸಿಗುವಂತಿದ್ದರೆ ಮಾತ್ರ ಹೆಜ್ಜೆ ಇಡುತ್ತಿದ್ದಳು. ಇನ್ನೊಬ್ಬಳು ಆಸರೆಯ ಯೋಚನೆ ಮಾಡದೆ ತಟ್ಟಾಡುತ್ತ ಕೋಣೆಯ ನಡುವಿಗೆ ನುಗ್ಗುತ್ತಿದ್ದಳು. ಒಂದೇ ತಂದೆ ತಾಯಿ, ಒಂದೇ ಮನೆ, ಒಂದೇ ಊಟ. ಆದರೂ ಕಲಿಯುವ ರೀತಿ ಬೇರೆ. ಈ ಅವಲೋಕನಗಳನ್ನು ಅವರು 1890ರಲ್ಲಿ ಪ್ರಕಟಿಸಿದರು.

1891ರಲ್ಲಿ ಸೋರ್ಬಾನ್ ವಿದ್ಯಾಲಯದ ಮನೋವಿಜ್ಞಾನ ಪ್ರಯೋಗಾಲಯಕ್ಕೆ ಸಂಬಳವಿಲ್ಲದೆ ಸೇರಿದರು. 1894ರಲ್ಲಿ ಅದರ ನಿರ್ದೇಶಕರಾದರು. ಅದೇ ವರ್ಷ ಅವರಿಗೆ ವಿಜ್ಞಾನದಲ್ಲಿ ಡಾಕ್ಟರೇಟ್ ಬಂತು. ಪ್ರಬಂಧದ ವಿಷಯ ಕೀಟಗಳ ನರವ್ಯೂಹ! ಫ್ರಾನ್ಸಿನಲ್ಲಿ ಪ್ರಾಧ್ಯಾಪಕ ಹುದ್ದೆ ಮಾತ್ರ ಅವರಿಗೆ ಎಂದೂ ಸಿಗಲಿಲ್ಲ.

ಅವರ ಜೊತೆಗಾರರ ಹಿನ್ನೆಲೆಯೂ ಹೀಗೆಯೇ ಬೇರೆ ಬೇರೆ. ಮೊದಲನೆಯವರು ವಿಕ್ಟರ್ ಹೆನ್ರಿ. ಶಾಲಾಮಕ್ಕಳ ಜ್ಞಾಪಕಶಕ್ತಿಯ ಬಗ್ಗೆ ಬಿನೆಯವರೊಂದಿಗೆ ಕೆಲಸ ಮಾಡಿದ ಈ ತರುಣ ಮುಂದೆ ರಸಾಯನಶಾಸ್ತ್ರಕ್ಕೆ ಹೋದರು. ಬಿ.ಎಸ್ಸಿ.ಯಲ್ಲಿ ಕಿಣ್ವಗಳ ಕ್ರಿಯಾವೇಗ ಓದಿದವರಿಗೆ ಮೈಕೇಲಿಸ್ ಮತ್ತು ಮೆಂಟೆನ್ ಹೆಸರು ಗೊತ್ತಿರುತ್ತದೆ. ಅವರಿಗಿಂತ ಹತ್ತು ವರ್ಷ ಮೊದಲೇ ಕಬ್ಬಿನ ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಕಿಣ್ವದ ವೇಗಕ್ಕೆ ಸೂತ್ರ ಬರೆದವರು ಇದೇ ಹೆನ್ರಿ. ಎರಡನೆಯವರು ಥಿಯೋಡೋರ್ ಸೈಮನ್. ಪೆರೆ-ವೋಕ್ಲೂಸ್ ಎಂಬಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ಯುವ ವೈದ್ಯ. ಮೂರನೆಯವರು ವಾನೇ. ಪ್ಯಾರಿಸ್ಸಿನ ಕಾರ್ಮಿಕರ ಬಡಾವಣೆಯೊಂದರ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರು. ಆ ಶಾಲೆಯಲ್ಲೇ 1905ರಲ್ಲಿ ಬಿನೆಯವರು ತಮ್ಮ ಶಿಕ್ಷಣ ಪ್ರಯೋಗಾಲಯವನ್ನು ತೆರೆದರು. ಯಾವ ವಯಸ್ಸಿಗೆ ಮಗು ಎಷ್ಟು ಗಣಿತ ಬಲ್ಲದು ಎಂಬ ಮಾಪನವನ್ನು ವಾನೇ ತಯಾರಿಸಿದರು. ವಕೀಲಿಕೆ ಬಿಟ್ಟವರು, ಆಸ್ಪತ್ರೆಯ ವೈದ್ಯರು, ಶಾಲೆಯ ಹೆಡ್‌ಮಾಸ್ತರರು ಒಂದೆಡೆ ಕುಳಿತು ಮಗುವನ್ನು ನೋಡಿದ್ದರಿಂದಲೇ ಮುಂದಿನ ಕೆಲಸ ಸಾಧ್ಯವಾಯಿತು. ಆಸ್ಪತ್ರೆಯ ವೈದ್ಯರಿಗೆ ಸಾಮಾನ್ಯ ಮಗು ಸಿಗುವುದು ಅಪರೂಪ. ಶಾಲೆಯ ಮಾಸ್ತರರಿಗೆ ತೀವ್ರ ಬುದ್ಧಿಮಾಂದ್ಯ ಮಗು ಸಿಗುವುದು ಅಪರೂಪ. ಎರಡನ್ನೂ ಕಂಡವರು ಸೇರಿದಾಗ ಹೋಲಿಕೆಗೆ ದಾರಿಯಾಯಿತು.

ಇದಕ್ಕೂ ಮುಂಚೆ ಬಿನೆಯವರು ಇನ್ನೊಂದು ದಾರಿಯನ್ನು ನೋಡಿ ಬಿಟ್ಟಿದ್ದರು. ಆ ಕಾಲದಲ್ಲಿ ತಲೆಯ ಅಳತೆಯಿಂದ ಬುದ್ಧಿ ತಿಳಿಯುತ್ತದೆ ಎಂಬ ನಂಬಿಕೆ ವಿದ್ವಾಂಸರಲ್ಲೇ ಬಲವಾಗಿತ್ತು. ಅವರೂ ಶಾಲೆಗಳಿಗೆ ಹೋಗಿ, ಶಿಕ್ಷಕರು ಜಾಣರೆಂದು ಮತ್ತು ಹಿಂದುಳಿದವರೆಂದು ಆರಿಸಿಕೊಟ್ಟ ಮಕ್ಕಳ ತಲೆಗಳನ್ನು ಅಳೆದರು. ವ್ಯತ್ಯಾಸ ತೀರಾ ಚಿಕ್ಕದಾಗಿತ್ತು. ಜೊತೆಗೆ, ಯಾವ ಮಗು ಯಾವ ಪಟ್ಟಿಯದೆಂದು ಮೊದಲೇ ಗೊತ್ತಿದ್ದರೆ ಅಳೆಯುವ ಕೈಯೇ ವಾಲುತ್ತದೆ ಎಂಬ ಸಂಶಯ ಅವರಿಗೆ ತಮ್ಮ ಮೇಲೆಯೇ ಬಂತು. ಅಯಸ್ಕಾಂತದ ಪ್ರಯೋಗದಲ್ಲಿ ಸುಟ್ಟುಕೊಂಡವರಿಗೆ ಈ ಎಚ್ಚರ ಸಹಜವೇ. ತಲೆ ಅಳೆಯುವುದನ್ನು ಅವರು ಕೈಬಿಟ್ಟರು.

ಫ್ರಾನ್ಸಿನಲ್ಲಿ 1882ರಿಂದ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಿತ್ತು. ಎಲ್ಲ ಮಕ್ಕಳೂ ಶಾಲೆಗೆ ಬಂದಾಗ ಹಿಂದೆ ಬೀಳುವ ಮಕ್ಕಳೂ ಕಣ್ಣಿಗೆ ಬಿದ್ದರು. ಅವರಿಗೆ ಏನು ಮಾಡಬೇಕೆಂದು ಯೋಚಿಸಲು 1904ರಲ್ಲಿ ಸರ್ಕಾರ ಆಯೋಗವೊಂದನ್ನು ನೇಮಿಸಿತು. ಬಿನೆಯವರು ಅದರ ಸದಸ್ಯರಾಗಿದ್ದರು. ತುಂಟತನ, ಸೋಮಾರಿತನ, ಕಿವುಡು, ಗೈರುಹಾಜರಿ ಎಲ್ಲವನ್ನೂ ಬುದ್ಧಿಮಾಂದ್ಯವೆಂದು ಬರೆದು ಮಗುವನ್ನು ಹೊರಗೆ ಕಳಿಸುವ ಅಪಾಯ ಅವರ ಮುಂದಿತ್ತು. 1905ರ ಮಾಪನ ಹುಟ್ಟಿದ್ದು ಈ ಅಪಾಯಕ್ಕೆ ಉತ್ತರವಾಗಿ. ಉರಿಯುವ ಬೆಂಕಿಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದರಿಂದ ಮೊದಲಾಗಿ, ಅಂಕಿಗಳನ್ನು ಕೇಳಿ ಮರಳಿ ಹೇಳುವುದು, ಕೊನೆಗೆ ಅಮೂರ್ತ ಪದಗಳ ವ್ಯತ್ಯಾಸ ಹೇಳುವುದರವರೆಗೆ ಮೂವತ್ತು ಕೆಲಸಗಳು ಸುಲಭದಿಂದ ಕಠಿಣದ ಕಡೆಗೆ ಸಾಗುತ್ತಿದ್ದವು. 1908ರಲ್ಲಿ ಅವುಗಳನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದರು. 1911ರಲ್ಲಿ ಮತ್ತೆ ತಿದ್ದಿದರು.

ಅಳೆದು ಸುಮ್ಮನಾಗಲಿಲ್ಲ. ಹಿಂದುಳಿದ ಮಕ್ಕಳ ವಿಶೇಷ ತರಗತಿಗಳಿಗಾಗಿ ವ್ಯಾಯಾಮಗಳನ್ನು ರೂಪಿಸಿದರು. ಸಂಜ್ಞೆ ಕೊಟ್ಟ ಕೂಡಲೇ ವಿಗ್ರಹದಂತೆ ಅಲುಗಾಡದೆ ನಿಲ್ಲುವ ಆಟ, ಹತ್ತು ಸೆಕೆಂಡಿನಲ್ಲಿ ಕಾಗದದ ಮೇಲೆ ಎಷ್ಟು ಚುಕ್ಕೆ ಇಡಬಹುದೆಂಬ ಪಂದ್ಯ, ಇಂಥವು. ಅವಧಾನವೂ ಇಚ್ಛಾಶಕ್ತಿಯೂ ಅಭ್ಯಾಸದಿಂದ ಬೆಳೆಯುತ್ತವೆ ಎಂದು ಅವರು ನಂಬಿದ್ದರು. ಬುದ್ಧಿ ಹುಟ್ಟಿನಿಂದ ನಿಗದಿಯಾದ ಪ್ರಮಾಣ, ಅದನ್ನು ಹೆಚ್ಚಿಸಲಾಗದು ಎಂಬ ವಾದವನ್ನು 1909ರ ಪುಸ್ತಕದಲ್ಲಿ ಬಲವಾಗಿ ವಿರೋಧಿಸಿದರು. 1911ರ ಅಕ್ಟೋಬರ್ 18ರಂದು, 54ನೇ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಬುದ್ಧಿಲಬ್ಧ ಎಂಬ ಒಂದೇ ಅಂಕಿ ಬಂದದ್ದು ಅವರ ಸಾವಿನ ನಂತರ. 1912ರಲ್ಲಿ ಜರ್ಮನಿಯ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿದರು. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು ನೂರರಿಂದ ಗುಣಿಸಿದರು. ನೆರವು ಬೇಕಾದ ಮಗುವನ್ನು ಗುರುತಿಸಲು ಹುಟ್ಟಿದ ಮಾಪನ ಜನರನ್ನು ಮೇಲು ಕೀಳೆಂದು ಸಾಲಾಗಿ ನಿಲ್ಲಿಸಲು ಬಳಕೆಯಾಯಿತು.

ಅದೇ ಮಾಪನ ನಮ್ಮ ಸೀಮೆಗೂ ಬಂತು. ಬೆಳಗಾವಿ, ಧಾರವಾಡಗಳು ಮುಂಬಯಿ ಪ್ರಾಂತದಲ್ಲಿದ್ದಾಗ ವಿ. ವಿ. ಕಾಮತ್ ಅವರು ಧಾರವಾಡದಲ್ಲಿ ಅದನ್ನು ಇಲ್ಲಿಯ ಮಕ್ಕಳಿಗಾಗಿ ಪರಿಷ್ಕರಿಸಿದರು. 1934ರಲ್ಲಿ ಅದರ ವರದಿಯೂ 1940ರಲ್ಲಿ ಪುಸ್ತಕವೂ ಹೊರಬಂದವು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದೇಶದ ಚಿಕಿತ್ಸಾಲಯಗಳಲ್ಲಿ ದಶಕಗಟ್ಟಲೆ ಬಳಕೆಯಲ್ಲಿದೆ. ಕಾಮತ್ ಅವರು ಮಾಪನವನ್ನು ಕನ್ನಡ ಮಾತನಾಡುವ ಮಕ್ಕಳಿಗೂ ಮರಾಠಿ ಮಾತನಾಡುವ ಮಕ್ಕಳಿಗೂ ಸಿದ್ಧಪಡಿಸಿದರು ಎಂಬುದು ಗಡಿಭಾಗದ ನಮಗೆ ಮುಖ್ಯ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಇರುವ ನಿಪ್ಪಾಣಿಯ ಹುಡುಗಿ ಪ್ರಶ್ನೆಗೆ ಸುಮ್ಮನೆ ನಿಂತರೆ ಅದು ಬುದ್ಧಿಯ ಮೌನವೋ ಭಾಷೆಯ ಮೌನವೋ ಎಂದು ಮೊದಲು ತಿಳಿಯಬೇಕು. ಕಬ್ಬಿನ ಹಂಗಾಮಿನಲ್ಲಿ ತಂದೆ ತಾಯಿಯ ಜೊತೆ ತಿಂಗಳುಗಟ್ಟಲೆ ಫಡದಲ್ಲಿದ್ದು ಬಂದ ಹುಡುಗನಿಗೆ ಭಾಗಾಕಾರ ಬಾರದಿದ್ದರೆ ಹಾಜರಿ ಪುಸ್ತಕವನ್ನೂ ತೆಗೆದು ನೋಡಬೇಕು.

ಇಂದು ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯ ಮಕ್ಕಳ ವಿಭಾಗದಲ್ಲಿ ಮನೋವೈದ್ಯರು, ಚಿಕಿತ್ಸಾ ಮನೋವಿಜ್ಞಾನಿಗಳು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಸೇರಿ ಒಂದು ಮಗುವನ್ನು ನೋಡುತ್ತಾರೆ. ಬಿನೆ, ಸೈಮನ್, ವಾನೇ ಶಾಲೆಯ ಕೋಣೆಯೊಂದರಲ್ಲಿ ಆರಂಭಿಸಿದ ಪದ್ಧತಿಯೇ ಇದು. ನಮ್ಮ ಶಾಲೆಗಳಲ್ಲಿ ಅಂಥ ತಂಡವಿಲ್ಲ. ಆದರೆ ವಾನೇ ಅವರ ಜಾಗದಲ್ಲಿ ತರಗತಿ ಶಿಕ್ಷಕರಿದ್ದಾರೆ. ಮಗುವಿನ ತಾಯಿ ಇದ್ದಾಳೆ. ಮಗುವನ್ನು ಮೂರು ವರ್ಷದಿಂದ ಬಲ್ಲ ಅಂಗನವಾಡಿ ಕಾರ್ಯಕರ್ತೆ ಇದ್ದಾರೆ. ಕಣ್ಣು ಕಿವಿ ಪರೀಕ್ಷಿಸಲು ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಬೋಧನಾ ಅಭ್ಯಾಸದ ಕೊನೆಗೆ ನಾವೆಲ್ಲ ಒಂದು ಮಗುವಿನ ಪ್ರಕರಣ ಅಧ್ಯಯನವನ್ನು ಬರೆದು ಒಪ್ಪಿಸಬೇಕು. ಬುದ್ಧಿಮಟ್ಟದ ಬಗ್ಗೆ ಅದರಲ್ಲಿ ಒಂದು ಸಾಲು ಬರೆಯುವ ಮೊದಲು ಇವರೆಲ್ಲರನ್ನೂ ಕೇಳಿದ್ದೇವೆಯೇ, ಮಗುವನ್ನು ಅದರ ಮನೆಮಾತಿನಲ್ಲಿ ಮಾತನಾಡಿಸಿದ್ದೇವೆಯೇ ಎಂದು ನೋಡಿಕೊಂಡರೆ ಬಿನೆಯವರ ಘಟಕವನ್ನು ಓದಿದ್ದು ಕೆಲಸಕ್ಕೆ ಬಂದಂತೆ.