ಅಪರಾಧದ ತೂಕ ಮತ್ತು ಮೆಕಾಲೆಯ ತಕ್ಕಡಿ

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದೌರ್ಜನ್ಯದ ಪ್ರಕರಣದಲ್ಲಿ ಕೊಪ್ಪಳದ ಸೆಷನ್ಸ್ ನ್ಯಾಯಾಲಯವು 2024ರ ಅಕ್ಟೋಬರ್ 24ರಂದು 101 ಮಂದಿಗೆ ಶಿಕ್ಷೆ ವಿಧಿಸಿತು. 98 ಮಂದಿಗೆ ಜೀವಾವಧಿ, ಉಳಿದ ಮೂವರಿಗೆ ಐದು ವರ್ಷದ ಸಜೆ. ಊರು ಒಂದೇ, ದಿನವೂ ಒಂದೇ, ಕೃತ್ಯವೂ ಒಂದೇ. ಶಿಕ್ಷೆ ಮಾತ್ರ ಬೇರೆಯಾದದ್ದು ಹೇಗೆಂದು ಅನೇಕರು ಅಚ್ಚರಿಪಟ್ಟರು. ಉತ್ತರವಿದ್ದುದು ನ್ಯಾಯಾಧೀಶರ ಕರುಣೆಯಲ್ಲಲ್ಲ, ಆರೋಪದ ವರ್ಗೀಕರಣದಲ್ಲಿ. ಆ ಮೂವರು ಪರಿಶಿಷ್ಟ ಸಮುದಾಯಗಳಿಗೇ ಸೇರಿದವರಾದ್ದರಿಂದ 1989ರ ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಅನ್ವಯಿಸಲಿಲ್ಲ. ದಂಡ ಸಂಹಿತೆಯ ಕಲಮುಗಳಷ್ಟೇ ಉಳಿದವು. ತೀರ್ಪಿನ ಮೇಲಿನ ಮೇಲ್ಮನವಿ ಹೈಕೋರ್ಟಿನ ಮುಂದೆ ಹೋಗಿದೆ. ಆದರೆ ಶಿಕ್ಷೆಯ ಪ್ರಮಾಣವನ್ನು ಆರೋಪಿಯ ಮುಖ ನೋಡಿ ಅಲ್ಲ, ಮೊದಲೇ ಬರೆದಿಟ್ಟ ಕಲಮು ನೋಡಿ ನಿರ್ಧರಿಸಬೇಕೆಂಬ ಪದ್ಧತಿ ನಮ್ಮಲ್ಲಿ ಬೇರೂರಿದ ಕಥೆಯಲ್ಲಿ ಒಬ್ಬ ವ್ಯಕ್ತಿಯ ಪಾತ್ರ ದೊಡ್ಡದು. ಆತ ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ.

ಮೆಕಾಲೆ ಹುಟ್ಟಿದ್ದು 1800ರ ಅಕ್ಟೋಬರ್ 25ರಂದು, ಇಂಗ್ಲೆಂಡಿನ ಲೆಸ್ಟರ್‌ಶೈರಿನಲ್ಲಿ. ತಂದೆ ಜಕಾರಿ ಮೆಕಾಲೆ ಗುಲಾಮಗಿರಿಯ ವಿರುದ್ಧ ಹೋರಾಡಿದವರು. ಮಗ ಕೇಂಬ್ರಿಜ್‌ನಲ್ಲಿ ಓದಿ 1826ರಲ್ಲಿ ವಕೀಲನಾದನಾದರೂ ವಕಾಲತ್ತು ಹೆಚ್ಚು ನಡೆಸಲಿಲ್ಲ. 1830ರಲ್ಲಿ ಸಂಸತ್ತು ಸೇರಿ, ಚುನಾವಣಾ ಸುಧಾರಣೆಯ ಪರವಾದ ಭಾಷಣಗಳಿಂದ ಹೆಸರಾದ. ತಂದೆಯ ವ್ಯಾಪಾರ ಕುಸಿದು ಸಂಸಾರದ ಹೊಣೆ ಹೆಗಲೇರಿದಾಗ, 1833ರ ಚಾರ್ಟರ್ ಕಾಯ್ದೆಯಿಂದ ಸೃಷ್ಟಿಯಾದ ಗವರ್ನರ್ ಜನರಲ್ ಮಂಡಳಿಯ ಕಾನೂನು ಸದಸ್ಯನ ಹುದ್ದೆಯನ್ನು ಒಪ್ಪಿಕೊಂಡ. ವರ್ಷಕ್ಕೆ ಹತ್ತು ಸಾವಿರ ಪೌಂಡ್ ಸಂಬಳ ಅವನನ್ನು ಇತ್ತ ಸೆಳೆದ ಮುಖ್ಯ ಕಾರಣಗಳಲ್ಲೊಂದು.

1834ರ ಜೂನ್‌ನಲ್ಲಿ ಮದ್ರಾಸಿಗೆ ಬಂದಿಳಿದ ಮೆಕಾಲೆ ಅಲ್ಲಿಂದ ಪಲ್ಲಕ್ಕಿಯಲ್ಲಿ ಉದಕಮಂಡಲಕ್ಕೆ ಹೊರಟ. ಗವರ್ನರ್ ಜನರಲ್ ಬೆಂಟಿಂಕ್ ಆಗ ಅಲ್ಲಿದ್ದರು. ಬೆಂಗಳೂರಿನಲ್ಲಿ ಕಬ್ಬನ್ ಅವರ ಅತಿಥಿಯಾಗಿದ್ದು, ಶ್ರೀರಂಗಪಟ್ಟಣವನ್ನು ಕಂಡು, ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಭೇಟಿಯಾದ. ಮೂರು ವರ್ಷಗಳ ಹಿಂದಷ್ಟೇ ಕಂಪನಿಯು ಒಡೆಯರ ಆಡಳಿತವನ್ನು ಕೈಗೆ ತೆಗೆದುಕೊಂಡಿತ್ತು. ಕನ್ನಡ ನಾಡನ್ನು ಮೆಕಾಲೆ ಕಂಡದ್ದು ಹೀಗೆ, ದಾರಿಹೋಕನಾಗಿ.

ಆ ಕಾಲದ ದಂಡನೀತಿ ಹೇಗಿತ್ತೆಂಬುದಕ್ಕೆ ಇಂದಿನ ಕೊಪ್ಪಳ ಜಿಲ್ಲೆಯೇ ಒಳ್ಳೆಯ ನಿದರ್ಶನ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರದೇಶಗಳು ಹೈದರಾಬಾದ್ ನಿಜಾಮರ ಸೀಮೆ. ಪಶ್ಚಿಮಕ್ಕೆ ಗಡಿ ದಾಟಿದರೆ ಗದಗ, ಅದು ಮುಂಬೈ ಪ್ರಾಂತ. ತುಂಗಭದ್ರೆ ದಾಟಿದರೆ ಬಳ್ಳಾರಿ, ಅದು ಮದ್ರಾಸು ಪ್ರಾಂತ. ಒಂದೇ ಅಪರಾಧಕ್ಕೆ ಮೂರು ಕಡೆ ಮೂರು ಬಗೆಯ ಕಾನೂನು. ತನ್ನ ಕರಡಿನೊಂದಿಗೆ ಸಲ್ಲಿಸಿದ ಟಿಪ್ಪಣಿಗಳಲ್ಲಿ ಮೆಕಾಲೆ ಈ ವೈಪರೀತ್ಯವನ್ನೇ ಎತ್ತಿ ತೋರಿಸಿದ. ಬಂಗಾಳದಲ್ಲಿ ಗಂಭೀರ ಖೋಟಾ ದಸ್ತಾವೇಜಿಗೆ ಸುಳ್ಳು ಸಾಕ್ಷ್ಯದ ಎರಡರಷ್ಟು ಶಿಕ್ಷೆ, ಮುಂಬೈಯಲ್ಲಿ ಅದಕ್ಕೆ ತದ್ವಿರುದ್ಧ, ಮದ್ರಾಸಿನಲ್ಲಿ ಎರಡಕ್ಕೂ ಸಮ.

1835ರಲ್ಲಿ ರಚಿತವಾದ ಮೊದಲ ಕಾನೂನು ಆಯೋಗಕ್ಕೆ ಮೆಕಾಲೆಯೇ ಅಧ್ಯಕ್ಷ. ಸಹ ಸದಸ್ಯರು ಮೇಲಿಂದ ಮೇಲೆ ಅನಾರೋಗ್ಯಕ್ಕೆ ತುತ್ತಾದುದರಿಂದ ಕೆಲಸದ ಬಹುಭಾಗ ಅವನ ಮೇಲೆಯೇ ಬಿತ್ತು. 1837ರಲ್ಲಿ 488 ಕಲಮುಗಳ ಕರಡು ಸಿದ್ಧವಾಯಿತು. ಅದರ ಹಿರಿಮೆ ಇರುವುದು ಶ್ರೇಣೀಕರಣದಲ್ಲಿ. ಮರಣದಂಡನೆಯನ್ನು ಕೊಲೆ ಮತ್ತು ರಾಜ್ಯದ ವಿರುದ್ಧದ ಅತ್ಯುನ್ನತ ಅಪರಾಧಕ್ಕೆ ಸೀಮಿತಗೊಳಿಸಲಾಗಿತ್ತು. ಛಡಿಯೇಟಿಗೆ ಅಲ್ಲಿ ಜಾಗವಿರಲಿಲ್ಲ. ಅದು ಮರಳಿ ಬಂದದ್ದು 1864ರ ಪ್ರತ್ಯೇಕ ಕಾಯ್ದೆಯ ಮೂಲಕ.

ಈ ಶ್ರೇಣೀಕರಣದ ತರ್ಕ ಇಂದಿಗೂ ನಮ್ಮ ಕಾನೂನಿನ ಬೆನ್ನೆಲುಬು. ಗಂಗಾವತಿಯ ಗದ್ದೆಯಿಂದ ಪಂಪ್‌ಸೆಟ್ ಕದ್ದರೆ ಅದು ಸಾಮಾನ್ಯ ಕಳವು, ಮೂರು ವರ್ಷದವರೆಗೆ ಸಜೆ. ಅದನ್ನೇ ವಾಸದ ಮನೆಯಿಂದ ಕದ್ದರೆ ಏಳು ವರ್ಷದವರೆಗೆ. ಒಡೆಯನನ್ನು ಹೊಡೆದು ಕಿತ್ತುಕೊಂಡರೆ ಸುಲಿಗೆ, ಹತ್ತು ವರ್ಷದವರೆಗೆ. ಕುಷ್ಟಗಿಯ ಹೆದ್ದಾರಿಯಲ್ಲಿ ರಾತ್ರಿ ವೇಳೆ ಹಾಗೆ ಮಾಡಿದರೆ ಹದಿನಾಲ್ಕು. ಐವರು ಅಥವಾ ಹೆಚ್ಚು ಮಂದಿ ಕೂಡಿ ಸುಲಿದರೆ ದರೋಡೆ, ಜೀವಾವಧಿಯವರೆಗೂ ಹೋಗಬಹುದು. ಕಳೆದುಹೋದ ವಸ್ತುವಿನ ಬೆಲೆ ಐದೂ ಸಂದರ್ಭಗಳಲ್ಲಿ ಒಂದೇ. ಬದಲಾಗುವುದು ಮನುಷ್ಯನ ನೆಮ್ಮದಿಗೆ ಒದಗಿದ ಅಪಾಯ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಇನ್ನೊಂದು ಲೆಕ್ಕವೂ ಕಾಣುತ್ತದೆ. ಕಳವಿಗೂ ಕೊಲೆಗೂ ಒಂದೇ ಶಿಕ್ಷೆಯಾದರೆ ಕಳ್ಳನು ಸಾಕ್ಷಿಯನ್ನು ಜೀವಂತ ಬಿಡಲು ಕಾರಣವೇ ಇರುವುದಿಲ್ಲ.

ಮೆಕಾಲೆಯನ್ನು ಹೊಗಳುವಾಗ ಅವನ ಮತ್ತೊಂದು ಮುಖವನ್ನು ಮರೆಯಲಾಗದು. 1835ರ ಫೆಬ್ರವರಿಯ ಶಿಕ್ಷಣ ಟಿಪ್ಪಣಿಯಲ್ಲಿ ಅವನು ಈ ದೇಶದ ಜ್ಞಾನಪರಂಪರೆಯನ್ನು ತಿಳಿಯದೆಯೇ ತುಚ್ಛವಾಗಿ ಕಂಡ. ಅವನ ಕರಡಿನಲ್ಲಿದ್ದ ರಾಜದ್ರೋಹದ ಕಲಮು 1870ರಲ್ಲಿ ಜಾರಿಗೆ ಬಂದು, ಮುಂದೆ ತಿಲಕ್ ಮತ್ತು ಗಾಂಧೀಜಿಯವರನ್ನು ಸೆರೆಮನೆಗೆ ತಳ್ಳಿತು. ಆದರೆ ಅದೇ ಮನುಷ್ಯ 1836ರಲ್ಲಿ, ಪ್ರಾಂತಗಳಲ್ಲಿ ನೆಲೆಸಿದ ಯೂರೋಪಿಯನ್ನರಿಗೆ ಸಿವಿಲ್ ವ್ಯಾಜ್ಯಗಳಲ್ಲಿದ್ದ ವಿಶೇಷ ಮೇಲ್ಮನವಿ ಹಕ್ಕನ್ನು ರದ್ದುಪಡಿಸಿ, ಕಲ್ಕತ್ತೆಯ ಬಿಳಿಯರ ಪತ್ರಿಕೆಗಳಿಂದ ನಿಂದನೆ ಉಂಡ. ಎರಡನ್ನೂ ಒಟ್ಟಿಗೆ ನೋಡಿದಾಗಲೇ ಅವನು ಪೂರ್ತಿಯಾಗಿ ಅರ್ಥವಾಗುವುದು.

1838ರಲ್ಲಿ ಮೆಕಾಲೆ ತಾಯ್ನಾಡಿಗೆ ಮರಳಿ ಇಂಗ್ಲೆಂಡಿನ ಇತಿಹಾಸ ಬರೆದು ಅಪಾರ ಕೀರ್ತಿ ಗಳಿಸಿದ. ಕರಡು ಮಾತ್ರ ಇಲ್ಲಿ ಎರಡು ದಶಕ ಕಡತಗಳಲ್ಲೇ ಉಳಿಯಿತು. 1857ರ ದಂಗೆಯ ನಂತರ ಸರ್ಕಾರಕ್ಕೆ ಅದರ ಅವಸರ ಕಂಡಿತು. ಬಾರ್ನ್ಸ್ ಪೀಕಾಕ್ ಪರಿಷ್ಕರಿಸಿದ ಆ ಸಂಹಿತೆ 511 ಕಲಮುಗಳೊಂದಿಗೆ 1860ರ ಅಕ್ಟೋಬರ್ 6ರಂದು ಅಂಗೀಕಾರಗೊಂಡು, 1862ರ ಜನವರಿ 1ರಿಂದ ಜಾರಿಗೆ ಬಂತು. ಅದನ್ನು ಕಾಣಲು ಮೆಕಾಲೆ ಇರಲಿಲ್ಲ. ಅವಿವಾಹಿತನಾಗಿಯೇ ಉಳಿದಿದ್ದ ಆತ 1859ರ ಡಿಸೆಂಬರ್ 28ರಂದು ತೀರಿಕೊಂಡು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮಣ್ಣಾಗಿದ್ದ.

ಕೊಪ್ಪಳಕ್ಕೆ ಆ ಸಂಹಿತೆ ಬರಲು ಮತ್ತೂ ತೊಂಬತ್ತು ವರ್ಷ ಬೇಕಾಯಿತು. ನಿಜಾಮರ ಸಂಸ್ಥಾನ 1948ರಲ್ಲಿ ವಿಲೀನಗೊಂಡ ಮೇಲೆ, 1951ರ ಏಪ್ರಿಲ್ 1ರಿಂದ ಭಾರತೀಯ ದಂಡ ಸಂಹಿತೆ ಇಲ್ಲಿಗೂ ವಿಸ್ತರಿಸಿತು. 2024ರ ಜುಲೈ 1ರಂದು 358 ಕಲಮುಗಳ ಭಾರತೀಯ ನ್ಯಾಯ ಸಂಹಿತೆ ಅದರ ಜಾಗಕ್ಕೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ, ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯೆಂಬ ಹೊಸ ಶಿಕ್ಷೆ ಸೇರಿದೆ, ನಿರ್ಲಕ್ಷ್ಯದಿಂದಾದ ಸಾವಿಗೆ ಎರಡು ವರ್ಷವಿದ್ದ ಗರಿಷ್ಠ ಸಜೆ ಸಾಮಾನ್ಯವಾಗಿ ಐದಕ್ಕೆ ಏರಿದೆ. ಶ್ರೇಣಿಯ ಚೌಕಟ್ಟು ಮಾತ್ರ ಬಹುಮಟ್ಟಿಗೆ ಹಳೆಯದೇ.

ಆದರೂ ಈ ಚೌಕಟ್ಟು ಊರೊಳಗೆ ಎಷ್ಟು ಇಳಿದಿದೆಯೆಂಬ ಪ್ರಶ್ನೆ ಉಳಿಯುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗು ಗುಡಿಯೊಳಗೆ ಕಾಲಿಟ್ಟಿತೆಂದು ಕುಟುಂಬಕ್ಕೆ 25 ಸಾವಿರ ರೂಪಾಯಿ ದಂಡ ಕೇಳಿದ ಪ್ರಕರಣ ವರದಿಯಾಯಿತು. ಯಾವ ಸಂಹಿತೆಯಲ್ಲೂ ಇಲ್ಲದ ಅಪರಾಧ, ಯಾವ ನ್ಯಾಯಾಲಯವೂ ವಿಧಿಸದ ದಂಡ. ಅಪರಾಧ ಯಾವುದೆಂದು ಮೊದಲೇ ಬರೆದಿರಬೇಕು, ಶಿಕ್ಷೆಯನ್ನು ನ್ಯಾಯಾಲಯ ಮಾತ್ರ ಕೊಡಬೇಕು ಎಂಬ ಎರಡು ಸರಳ ಸಂಗತಿಗಳು ಕಾನೂನು ಪುಸ್ತಕ ಸೇರಿ ಒಂದೂವರೆ ಶತಮಾನ ಕಳೆದಿದೆ. ಅವನ್ನು ಪಂಚಾಯಿತಿ ಕಟ್ಟೆಯವರೆಗೆ ತಲುಪಿಸುವ ಕೆಲಸ ಮೆಕಾಲೆಯದಾಗಿರಲಿಲ್ಲ. ಅದು ನಮ್ಮ ಶಾಲೆಗಳದು, ಠಾಣೆಗಳದು, ತಾಲ್ಲೂಕು ಕಚೇರಿಗಳದು.