ಮೇಷ್ಟರಾಗಿಯೇ ಉಳಿದ ತರಬೇತುದಾರರು: ಸೈಯದ್ ಅಬ್ದುಲ್ ರಹೀಮ್

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಹಿರಿಯರೊಬ್ಬರ ಜೀವನಚರಿತ್ರೆ ಇರಬೇಕೆಂದು ಸಂಪಾದಕ ಮಂಡಳಿ ನಿಶ್ಚಯಿಸಿದಾಗ ಕವಿಗಳ, ಶರಣರ, ಸ್ವಾತಂತ್ರ್ಯ ಹೋರಾಟಗಾರರ ಹೆಸರುಗಳು ಸಹಜವಾಗಿಯೇ ಮೊದಲು ಬಂದವು. ಅವರೆಲ್ಲರೂ ವಂದನೀಯರು. ಆದರೆ ನಾವು ಆರಿಸಿಕೊಂಡದ್ದು ಹೈದರಾಬಾದಿನ ಶಾಲಾ ಶಿಕ್ಷಕರೊಬ್ಬರನ್ನು. ಅವರು ಕನ್ನಡಿಗರಲ್ಲ. ಆದರೂ ತೆಲಂಗಾಣದ ಪಶ್ಚಿಮ ಅಂಚಿನಲ್ಲಿರುವ ನಮಗೆ ಅವರು ದೂರದವರಲ್ಲ. 1956ರವರೆಗೆ ನಮ್ಮ ಊರೂ, ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳೂ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಓದಿಗೆ, ನೌಕರಿಗೆ, ಕಚೇರಿಯ ಕೆಲಸಕ್ಕೆ ನಮ್ಮ ಹಿರಿಯರು ಹೋಗುತ್ತಿದ್ದ ಪಟ್ಟಣದಲ್ಲೇ ಸೈಯದ್ ಅಬ್ದುಲ್ ರಹೀಮ್ ಅವರು ಹುಟ್ಟಿ ಬೆಳೆದರು. ಅಲ್ಲಿಯೇ ಪಾಠ ಹೇಳಿದರು.

ರಹೀಮ್ ಸಾಹೇಬರು ಜನಿಸಿದ್ದು 1909ರ ಆಗಸ್ಟ್ 17ರಂದು. ನಮ್ಮ ಶಾಲೆಯ ಬಾಗಿಲು ತೆರೆದ ಕಾಲಕ್ಕೆ ಅವರಿನ್ನೂ ಹದಿಹರೆಯದ ವಿದ್ಯಾರ್ಥಿ. ಮುಂದೆ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದರು. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಆಡಿ ಹೆಸರು ಮಾಡಿದರೂ ಜೀವನೋಪಾಯಕ್ಕೆ ಅವರು ಹಿಡಿದದ್ದು ಶಿಕ್ಷಕ ವೃತ್ತಿಯನ್ನು. ಇಂದಿಗೂ ಕನ್ನಡ ಮನೆಗಳಿಗೆ ಹೆಸರಾದ ಕಾಚಿಗುಡದ ಮಾಧ್ಯಮಿಕ ಶಾಲೆಯಲ್ಲಿ ಅವರು ಪಾಠ ಹೇಳಿದರು. ಬಳಿಕ ದಾರುಲ್ ಉಲೂಮ್ ಮತ್ತು ಚಾದರ್‌ಘಾಟ್ ಪ್ರೌಢಶಾಲೆಗಳಲ್ಲಿ ಸೇವೆ ಸಲ್ಲಿಸಿದರು. ಈ ನಡುವೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಶಾಲೆಯ ಕ್ರೀಡಾ ವಿಭಾಗದ ಹೊಣೆಯನ್ನೂ ವಹಿಸಿಕೊಂಡರು. ಮುಂದೆ ಒಲಿಂಪಿಕ್ಸ್‌ಗೆ ತಂಡವನ್ನು ಕರೆದೊಯ್ದವರು ತರಬೇತಿಯ ವಿದ್ಯೆಯನ್ನು ಕಲಿತದ್ದು ಶಾಲೆಯ ಅಂಗಳದಲ್ಲಿ, ಮಕ್ಕಳ ನಡುವೆ.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಗಳಾದರು. ಕೊನೆಯುಸಿರಿನವರೆಗೂ ಆ ಸ್ಥಾನದಲ್ಲಿ ದುಡಿದರು. ಅವರು ಏರ್ಪಡಿಸುತ್ತಿದ್ದ ಪಂದ್ಯಾವಳಿಗಳಲ್ಲಿ ಎರಡನ್ನು ಶಿಕ್ಷಕರಾದವರು ವಿಶೇಷವಾಗಿ ಗಮನಿಸಬೇಕು. ಮೊದಲನೆಯದರಲ್ಲಿ ಚೆಂಡನ್ನು ತನ್ನ ಬಳಿಯೇ ಇರಿಸಿಕೊಂಡು ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ದಾಟಿ ಹೋಗುವುದಕ್ಕೆ ನಿಷೇಧ. ಬಂದ ಚೆಂಡನ್ನು ಕೂಡಲೇ ಜೊತೆಗಾರನಿಗೆ ದಾಟಿಸಬೇಕು. ಎರಡನೆಯದರಲ್ಲಿ ಆಟಗಾರನು ತನ್ನ ದುರ್ಬಲ ಕಾಲಿನಿಂದಲೇ ಚೆಂಡನ್ನು ಒದೆಯಬೇಕು. ಬಲಗಾಲಿನವನಿಗೆ ಎಡಗಾಲು, ಎಡಗಾಲಿನವನಿಗೆ ಬಲಗಾಲು. ಅಲ್ಲಿಯವರೆಗೆ ಮೆರೆಯುತ್ತಿದ್ದವನೂ ಆ ಅಂಗಳದಲ್ಲಿ ಹೊಸದಾಗಿ ಕಲಿಯಬೇಕಾಗುತ್ತಿತ್ತು. ತಾನೊಬ್ಬನೇ ಮಿಂಚಬೇಕೆಂಬ ಆಸೆಗೆ ಮೊದಲನೆಯದು ಮದ್ದು. ಬಾರದ್ದನ್ನು ಮರೆಮಾಚುವ ಅಭ್ಯಾಸಕ್ಕೆ ಎರಡನೆಯದು ಮದ್ದು. ತರಗತಿಯಲ್ಲಿ ನಾವು ದಿನವೂ ಎದುರಿಸುವ ತೊಡಕುಗಳು ಇವೇ ಅಲ್ಲವೆ?

1950ರಲ್ಲಿ ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರರಾದರು. ಆ ಕಾಲದಲ್ಲಿ ಭಾರತದ ಫುಟ್‌ಬಾಲ್ ಎಂದರೆ ಕಲ್ಕತ್ತೆ ಎಂಬ ಭಾವನೆಯಿತ್ತು. ಹಣ, ಹೆಸರು, ಅಭಿಮಾನಿಗಳ ಬಳಗ ಎಲ್ಲವೂ ಅಲ್ಲಿಯ ದೊಡ್ಡ ಕ್ಲಬ್ಬುಗಳಿಗೆ ಮೀಸಲು. ಅಂಥ ಕಾಲದಲ್ಲಿ ಈ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. 1950ರಲ್ಲಿಯೇ ದೆಹಲಿಯ ಡುರಾಂಡ್ ಕಪ್ಪನ್ನೂ ತಂದಿತು. ಅಂತಿಮ ಪಂದ್ಯದಲ್ಲಿ ಸೋತದ್ದು ಕಲ್ಕತ್ತೆಯ ಮೋಹನ್ ಬಾಗಾನ್. 1956 ಮತ್ತು 1957ರಲ್ಲಿ ಹೈದರಾಬಾದ್ ತಂಡ ಎರಡು ಬಾರಿ ಸಂತೋಷ್ ಟ್ರೋಫಿ ಗೆದ್ದಾಗಲೂ ತರಬೇತಿ ರಹೀಮ್ ಸಾಹೇಬರದೇ.

ಆಟಗಾರರನ್ನು ಅವರು ಹುಡುಕುತ್ತಿದ್ದ ರೀತಿಯೂ ಮೇಷ್ಟರದೇ. ಸಿಕಂದರಾಬಾದಿನ ಹೊರವಲಯದ ಅಮ್ಮುಗೂಡದ ಬಡ ಕುಟುಂಬದ ಹುಡುಗ ತುಳಸೀದಾಸ್ ಬಲರಾಮನ ಆಟ ಅವರ ಕಣ್ಣಿಗೆ ಬಿತ್ತು. ದಿನವೂ ಅಷ್ಟು ದೂರದಿಂದ ಅಭ್ಯಾಸಕ್ಕೆ ಬರುವುದು ಆ ಹುಡುಗನ ಕೈಲಾಗುವ ಮಾತಲ್ಲವೆಂದು ತಿಳಿದಾಗ ಬಾಡಿಗೆ ಸೈಕಲ್ಲಿಗೆ ತಾವೇ ಹಣ ಕೊಟ್ಟರಂತೆ. ಬಲರಾಮ್ ಮುಂದೆ ದೇಶದ ಅತ್ಯುತ್ತಮ ಮುಂಪಡೆ ಆಟಗಾರರಲ್ಲಿ ಒಬ್ಬರಾದರು.

1951ರ ಮಾರ್ಚ್ ತಿಂಗಳಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಶೈಲೇನ್ ಮನ್ನಾ ನಾಯಕರಾಗಿದ್ದ ತಂಡವನ್ನು ರಹೀಮ್ ಸಾಹೇಬರು ಸಜ್ಜುಗೊಳಿಸಿದ್ದರು. ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಭಾರತ ಚಿನ್ನ ಗೆದ್ದಿತು.

ಆದರೆ ಮರುವರ್ಷವೇ ಭಾರಿ ಪೆಟ್ಟು ಬಿದ್ದಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಭಾರತವನ್ನು 10-1ರಿಂದ ಮಣಿಸಿತು. ನಮ್ಮವರ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಉತ್ತರ ಯುರೋಪಿನ ಆ ಚಳಿಯಲ್ಲಿ ನಮ್ಮ ಆಟಗಾರರಲ್ಲಿ ಅನೇಕರು ಬರಿಗಾಲಲ್ಲಿ ಆಡಿದ್ದರು. ಇಂಥ ಸೋಲಿನ ಬಳಿಕ ದೂರಲು ಕಾರಣಗಳು ಬೇಕಾದಷ್ಟು ಸಿಗುತ್ತವೆ. ರಹೀಮ್ ಸಾಹೇಬರು ಅದನ್ನು ಪಾಠವಾಗಿ ಸ್ವೀಕರಿಸಿದರು. ಬೂಟು ಧರಿಸಿ ಆಡುವುದು ಕಡ್ಡಾಯವಾಯಿತು. ಅದೇ ಕೂಟದಲ್ಲಿ ಚಿನ್ನ ಗೆದ್ದ ಹಂಗೇರಿಯವರ ಆಟವನ್ನು ಅವರು ಸೂಕ್ಷ್ಮವಾಗಿ ಗಮನಿಸಿದ್ದರು. ಮುಂಪಡೆಯ ನಡುವಣ ಆಟಗಾರನನ್ನು ತುಸು ಹಿಂದಕ್ಕೆ ಸರಿಸಿ, ಎದುರಾಳಿಯ ರಕ್ಷಕನನ್ನು ಅವನ ಸ್ಥಾನದಿಂದ ಹೊರಗೆಳೆದು, ತೆರವಾದ ಜಾಗಕ್ಕೆ ಉಳಿದವರು ನುಗ್ಗುವ ವಿಧಾನವದು. ಅದನ್ನು ನಮ್ಮ ಹುಡುಗರ ಮೈಕಟ್ಟಿಗೂ ವೇಗಕ್ಕೂ ಹೊಂದುವಂತೆ ತಿದ್ದಿ ಕಲಿಸಿದರು.

ಅದರ ಫಲ ನಾಲ್ಕು ವರ್ಷಗಳ ಬಳಿಕ ಕಂಡಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಹೈದರಾಬಾದ್ ರಾಜ್ಯ ಮೂರು ಭಾಗವಾಯಿತು. ಕಲಬುರಗಿ, ರಾಯಚೂರುಗಳು ಆಚೆಗೆ ಹೋದವು. ನಾವು ಈಚೆ ಉಳಿದೆವು. ಆ ತಿಂಗಳ ಕೊನೆಗೆ ಮೆಲ್ಬರ್ನಿನಲ್ಲಿ ಒಲಿಂಪಿಕ್ಸ್ ಆರಂಭವಾದಾಗ ಭಾರತ ತಂಡದಲ್ಲಿ ಹೈದರಾಬಾದಿನ ಹಲವರು ಇದ್ದರು. ಬೆಂಗಳೂರಿನ ಕೆಂಪಯ್ಯನವರೂ ಇದ್ದರು. ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯವನ್ನು ಭಾರತ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಅಂದು ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಏಷ್ಯದವರೊಬ್ಬರು ಈ ಸಾಧನೆ ಮಾಡಿದ್ದು ಅದೇ ಮೊದಲು. ಉಪಾಂತ್ಯದಲ್ಲಿ ಎದುರಾದದ್ದು ಮತ್ತೆ ಯುಗೊಸ್ಲಾವಿಯಾ. ಮೊದಲ ಗೋಲು ಭಾರತದ್ದೇ ಆದರೂ ಕೊನೆಗೆ 4-1ರ ಸೋಲು. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯಾ ಗೆದ್ದಿತು. ಭಾರತಕ್ಕೆ ನಾಲ್ಕನೆಯ ಸ್ಥಾನ. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಅದಕ್ಕಿಂತ ಮೇಲಿನ ಸ್ಥಾನವನ್ನು ನಾವು ಇಂದಿಗೂ ಕಂಡಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತ ಗುಂಪಿನ ಹಂತವನ್ನು ದಾಟಲಿಲ್ಲ. ಆದರೂ ಫ್ರಾನ್ಸಿನೊಡನೆ 1-1ರಿಂದ ಸಮ ಮಾಡಿಕೊಂಡಿತು.

ಅವರ ಕೊನೆಯ ಪರೀಕ್ಷೆ ನಡೆದದ್ದು 1962ರಲ್ಲಿ, ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ. ಆ ಹೊತ್ತಿಗೆ ಕ್ಯಾನ್ಸರ್ ಅವರ ದೇಹವನ್ನು ಹಿಡಿದಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾದೆದುರು 2-0ರ ಸೋಲು. ಬಳಿಕ ಥಾಯ್ಲೆಂಡನ್ನೂ ಜಪಾನನ್ನೂ ಗೆದ್ದರೂ ಹಿಂಪಡೆಯ ಆಧಾರವಾಗಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತು. ಬೇರೆಯವರಾಗಿದ್ದರೆ ಅವರನ್ನು ಹೊರಗಿಡುತ್ತಿದ್ದರೇನೋ. ರಹೀಮ್ ಸಾಹೇಬರು ಆ ರಕ್ಷಕ ಆಟಗಾರನನ್ನು ಮುಂಪಡೆಗೆ ತಂದರು. ದಕ್ಷಿಣ ವಿಯೆಟ್ನಾಮಿನ ವಿರುದ್ಧದ ಉಪಾಂತ್ಯದಲ್ಲಿ ಜರ್ನೈಲ್ ಗೋಲು ಹೊಡೆದರು. ಭಾರತ 3-2ರಿಂದ ಗೆದ್ದಿತು.

ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತದ ಜಿ.ಡಿ. ಸೋಂಧಿ ಅವರು ಆಕ್ಷೇಪಿಸಿದ್ದರಿಂದ ಜಕಾರ್ತದ ಜನ ಭಾರತದ ಮೇಲೆ ಕೆರಳಿದ್ದರು. ಅಂತಿಮ ಪಂದ್ಯದ ಹಿಂದಿನ ರಾತ್ರಿ ರಹೀಮ್ ಸಾಹೇಬರು ಆಟಗಾರರನ್ನು ಕೂಡಿಸಿ ತಮಗೊಂದು ಉಡುಗೊರೆ ಬೇಕೆಂದೂ ಅದು ಮರುದಿನದ ಚಿನ್ನವೆಂದೂ ಕೇಳಿಕೊಂಡರೆಂದು ಆ ತಂಡದವರು ಬಹುಕಾಲ ನೆನೆಯುತ್ತಿದ್ದರು. ಸೆಪ್ಟೆಂಬರ್ 4ರಂದು, ತುಂಬಿದ ಕ್ರೀಡಾಂಗಣದ ಕೂಗಾಟದ ನಡುವೆ, ಅದೇ ದಕ್ಷಿಣ ಕೊರಿಯಾವನ್ನು ಭಾರತ 2-1ರಿಂದ ಸೋಲಿಸಿತು. ಗೋಲು ಹೊಡೆದವರು ಪಿ.ಕೆ. ಬ್ಯಾನರ್ಜಿ ಮತ್ತು ತಲೆಗೆ ಹೊಲಿಗೆ ಬಿದ್ದಿದ್ದ ಜರ್ನೈಲ್ ಸಿಂಗ್. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಅನಂತರ ಮತ್ತೆಂದೂ ಭಾರತಕ್ಕೆ ಬಂದಿಲ್ಲ.

ಒಂಬತ್ತು ತಿಂಗಳ ಬಳಿಕ, 1963ರ ಜೂನ್ 11ರಂದು, ರಹೀಮ್ ಸಾಹೇಬರು ತೀರಿಕೊಂಡರು. ಆಗ ಅವರಿಗೆ ಐವತ್ತಮೂರು ವರ್ಷ. ಅವರ ಮಗ ಸೈಯದ್ ಶಾಹಿದ್ ಹಕೀಮ್ ಅವರೂ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದು, ವಾಯುಪಡೆಯ ಅಧಿಕಾರಿಯಾಗಿ, ಅಂತರರಾಷ್ಟ್ರೀಯ ರೆಫರಿಯಾಗಿ ಹೆಸರಾದವರು. ಅವರು 2021ರಲ್ಲಿ ಕೊನೆಯುಸಿರೆಳೆದದ್ದು ನಮ್ಮ ನೆರೆಯ ಕಲಬುರಗಿಯಲ್ಲಿ.

ಇನ್ನು ಈ ಚರಿತ್ರೆಯನ್ನೇ ನಾವು ಆರಿಸಿಕೊಂಡದ್ದೇಕೆಂದು ಹೇಳಬೇಕು. ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಫಲಿತಾಂಶ ಕುಸಿದಾಗ ನಾವು ಆ ತರಗತಿಯ ಆಟದ ಅವಧಿಯನ್ನು ತೆಗೆದು ಗಣಿತದ ವಿಶೇಷ ತರಗತಿ ನಡೆಸಿದೆವು. ಮಕ್ಕಳು ಕಡಿಮೆಯಾಗುತ್ತಿರುವ ಗಡಿಯ ಕನ್ನಡ ಶಾಲೆಗೆ ಫಲಿತಾಂಶವೇ ಪ್ರಾಣವೆಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಮೊದಲು ಹತ್ತನೆಯದು, ಮರುವರ್ಷ ಒಂಬತ್ತನೆಯದು. ಉಳಿದ ತರಗತಿಗಳಲ್ಲಿಯೂ ಚುರುಕಾದ ಹನ್ನೊಂದು ಮಂದಿ ಮೈದಾನದಲ್ಲಿ, ಮಿಕ್ಕವರು ಬೇವಿನ ಮರದ ನೆರಳಿನಲ್ಲಿ. ತಪ್ಪು ನಮ್ಮದೇ. ಚೆನ್ನಾಗಿ ಬಲ್ಲವರನ್ನೇ ಮುಂದೆ ನಿಲ್ಲಿಸಿ ಬಹುಮಾನ ತರುವುದು ಸುಲಭ. ದುರ್ಬಲವಾದದ್ದನ್ನು ಗುರುತಿಸಿ ಗಟ್ಟಿಗೊಳಿಸುವುದೇ ಶಿಕ್ಷಕರ ಕೆಲಸವೆಂಬುದನ್ನು ರಹೀಮ್ ಸಾಹೇಬರ ಬದುಕನ್ನು ಓದುವಾಗ ಮತ್ತೆ ಕಲಿತೆವು.

ಆದ್ದರಿಂದ ಈ ಶತಮಾನೋತ್ಸವದ ವರ್ಷದಿಂದ ಎಲ್ಲ ತರಗತಿಗಳಿಗೂ, ಹತ್ತನೆಯದಕ್ಕೂ, ಆಟದ ಅವಧಿಯನ್ನು ಮರಳಿ ಕೊಡುತ್ತಿದ್ದೇವೆ. ಹುಡುಗಿಯರೂ ಆಡುವರು. ದುರ್ಬಲ ಕಾಲಿನ ಪಂದ್ಯವೊಂದನ್ನೂ ವರ್ಷಕ್ಕೊಮ್ಮೆ ನಡೆಸುವೆವು. ಮಕ್ಕಳು ಮಣ್ಣಾದ ಸಮವಸ್ತ್ರದಲ್ಲಿ ಮನೆಗೆ ಬಂದರೆ ಪೋಷಕರು ಸಹಿಸಿಕೊಳ್ಳಬೇಕೆಂದು ವಿನಂತಿ. ಹಳೆಯ ವಿದ್ಯಾರ್ಥಿಗಳಲ್ಲಿ ನಾವು ಕೇಳುವುದು ಗೋಲುಕಂಬಗಳಿಗೆ ಒಂದು ಜೊತೆ ಬಲೆ ಮತ್ತು ಬಿಡುವಾದಾಗ ಒಂದು ಸಂಜೆ.