ಸೆರೆಮನೆಗೆ ಬದಲಾಗಿ ಶಾಲೆ

ಎಂಟು ವರ್ಷದ ಬಾಲಕಿಯನ್ನು ಸೆರೆಮನೆಗೆ ತಳ್ಳುವ ವ್ಯವಸ್ಥೆಯನ್ನು ನಾಗರಿಕವೆಂದು ಕರೆಯಲು ಸಾಧ್ಯವೇ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯಕ್ಕೆ ಈ ಪ್ರಶ್ನೆ ಹಾಕಿದವರು ಜೇನೀ ಪೋರ್ಟರ್ ಬ್ಯಾರೆಟ್. ಕಪ್ಪುಜನಾಂಗದ ಬಾಲಕಿಯರು ತಪ್ಪು ಮಾಡಿದರೆ ಆಗ ಅವರಿಗೆ ಸುಧಾರಣಾ ಶಾಲೆಯಿರಲಿಲ್ಲ, ಸೆರೆಮನೆಯೇ ಗತಿಯಾಗಿತ್ತು.

ಬ್ಯಾರೆಟ್ ಜನಿಸಿದ್ದು 1865ರಲ್ಲಿ, ಜಾರ್ಜಿಯಾದ ಅಥೆನ್ಸ್‌ನಲ್ಲಿ. ತಾಯಿ ಬಿಳಿಯರ ಮನೆಯೊಂದರಲ್ಲಿ ಊಳಿಗದಲ್ಲಿದ್ದರು. ತಿಳಿ ಮೈಬಣ್ಣದ ಈ ಹುಡುಗಿಯನ್ನು ಉತ್ತರದ ರಾಜ್ಯಕ್ಕೆ ಕಳುಹಿಸಿ, ಬಿಳಿಯಳಂತೆ ಬಾಳುವಂತೆ ಮಾಡಬೇಕೆಂಬುದು ಮನೆಯೊಡತಿಯ ಅಪೇಕ್ಷೆ. ತಾಯಿ ಅದಕ್ಕೊಪ್ಪದೆ ಮಗಳನ್ನು ಕಪ್ಪುಜನರ ಶಿಕ್ಷಣಕ್ಕೆಂದೇ ಇದ್ದ ಹ್ಯಾಂಪ್ಟನ್ ವಿದ್ಯಾಸಂಸ್ಥೆಗೆ ಸೇರಿಸಿದರು. 1884ರಲ್ಲಿ ವ್ಯಾಸಂಗ ಮುಗಿಸಿ ಶಿಕ್ಷಕಿಯಾದ ಬ್ಯಾರೆಟ್, ವಿವಾಹಾನಂತರ ಸ್ವಂತ ಮನೆಯಲ್ಲೇ ನೆರೆಹೊರೆಯ ಹುಡುಗಿಯರಿಗೆ ಹೊಲಿಗೆ ಕಲಿಸತೊಡಗಿದರು. 1890ರಲ್ಲಿ ಅದೇ ಸಮಾಜಸೇವಾ ಕೇಂದ್ರವಾಗಿ ಬೆಳೆಯಿತು.

1908ರಲ್ಲಿ ರಾಜ್ಯದ ಕಪ್ಪುಜನಾಂಗದ ಮಹಿಳಾ ಸಂಘಗಳ ಒಕ್ಕೂಟದ ಪ್ರಥಮ ಅಧ್ಯಕ್ಷೆಯಾದ ಅವರು, ಬಡ ಮಹಿಳೆಯರಿಂದ ಪುಡಿಗಾಸು ಕೂಡಿಸಿ ಜಮೀನು ಕೊಂಡರು. ನೆರೆಯ ಬಿಳಿಯರ ವಿರೋಧದ ನಡುವೆಯೂ 1915ರಲ್ಲಿ ಹ್ಯಾನೋವರ್ ಕೌಂಟಿಯಲ್ಲಿ ಸುಧಾರಣಾ ಶಾಲೆ ಆರಂಭವಾಯಿತು. ಅದೇ ವರ್ಷ ಪತಿ ತೀರಿಕೊಂಡರು. ಬ್ಯಾರೆಟ್ ಶಾಲೆಯಲ್ಲೇ ನೆಲೆಸಿ 1940ರವರೆಗೆ ಅದರ ಅಧೀಕ್ಷಕಿಯಾಗಿದ್ದರು. ಅಲ್ಲಿ ಹೊಡೆತಬಡಿತಕ್ಕೆ ಎಡೆಯಿರಲಿಲ್ಲ. ವಿಶ್ವಾಸವೇ ಶಿಸ್ತಿನ ಆಧಾರ. 1920ರಲ್ಲಿ ರಾಜ್ಯ ಸರ್ಕಾರವೇ ಹೊಣೆ ವಹಿಸಿಕೊಂಡಿತು. 1948ರಲ್ಲಿ ಅವರು ನಿಧನರಾದರು. 1950ರಲ್ಲಿ ಶಾಲೆಗೆ ಅವರ ಹೆಸರನ್ನೇ ಇಡಲಾಯಿತು.

ಆ ಶಾಲೆಗೂ ಮಿತಿಯಿತ್ತು. ಪಾಠ ಎಂಟನೆಯ ತರಗತಿಗೆ ನಿಲ್ಲುತ್ತಿತ್ತು. ಮುಂದೆ ಬಹುತೇಕ ಮನೆಗೆಲಸದ ತರಬೇತಿ. ಬ್ಯಾರೆಟ್ ಅವರ ಬದುಕನ್ನೇ ಬದಲಿಸಿದ ಉನ್ನತ ವ್ಯಾಸಂಗದ ಬಾಗಿಲು ಆ ಹುಡುಗಿಯರಿಗೆ ತೆರೆಯಲಿಲ್ಲ.

ಆ ಬಾಗಿಲಿನ ಕಥೆ ಇನ್ನೂ ಮುಗಿದಿಲ್ಲ. ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ನೀಡುವ ಪೆಲ್ ಅನುದಾನದಿಂದ ಅಮೆರಿಕ 1994ರಲ್ಲಿ ಕೈದಿಗಳನ್ನು ಹೊರಗಿಟ್ಟಿತು. ಸೆರೆಮನೆಗಳೊಳಗಿನ ಕಾಲೇಜು ತರಗತಿಗಳು ಒಂದೊಂದಾಗಿ ಮುಚ್ಚಿದವು. ಅರ್ಹತೆ ಪೂರ್ಣವಾಗಿ ಮರಳಿದ್ದು 2023ರ ಜುಲೈನಲ್ಲಿ. ಜನಸಂಖ್ಯೆಯ ಪ್ರಮಾಣಕ್ಕೆ ಹೋಲಿಸಿದರೆ ಬಿಳಿಯ ಮಹಿಳೆಯರಿಗಿಂತ ಕಪ್ಪುಜನಾಂಗದ ಮಹಿಳೆಯರೇ ಅಲ್ಲಿ ಹೆಚ್ಚಾಗಿ ಸೆರೆಯಲ್ಲಿರುವುದರಿಂದ, ಆ ಮೂರು ದಶಕಗಳ ನಷ್ಟದ ಭಾರ ಅವರ ಮೇಲೆಯೇ ಅಧಿಕವಾಗಿ ಬಿದ್ದಿದೆ.

ಆಯವ್ಯಯದ ಲೆಕ್ಕದಲ್ಲಿ ಕೈದಿಯ ಓದಿಗೆ ಮಾಡುವ ವೆಚ್ಚ ಸುಲಭವಾಗಿ ಕತ್ತರಿಗೆ ಸಿಗುತ್ತದೆ. ಓದಿಸದೆ ಹೋದದ್ದರ ವೆಚ್ಚ ಯಾವ ಲೆಕ್ಕಶೀರ್ಷಿಕೆಯಲ್ಲೂ ಕಾಣುವುದಿಲ್ಲ. ಪುಡಿಗಾಸು ಕೂಡಿಸಿದ ಆ ಮಹಿಳೆಯರಿಗೆ ಈ ಅರ್ಥಶಾಸ್ತ್ರ ತಿಳಿದಿತ್ತು.